ಬೈತಖೋಲದ ಬಂದರಿನಿಂದ ಟೈಮ್‌ಲೈನಿಗೆ: ಕಥೆ ಹೇಳುವ, ಮನಸ್ಸು ಮುಟ್ಟುವ ಎಡಿಟಿಂಗ್ ಮಾಡುವುದು ಹೇಗೆ?

ಉತ್ತರ ಕನ್ನಡದಲ್ಲಿ ಕ್ಯಾಮೆರಾ ಹಿಡಿದವರಿಗೆ ಒಂದು ವಿಚಿತ್ರ ತೊಂದರೆ ಇದೆ. ಯಾವ ಕಡೆ ತಿರುಗಿಸಿದರೂ ಚೆಂದ ಕಾಣುತ್ತದೆ. ಕಾರವಾರದ ಕಡಲತೀರದ ಸಂಜೆ, ಕಾಳಿ ನದಿ ಸಮುದ್ರ ಸೇರುವ ಜಾಗ, ಯಾಣದ ಬಂಡೆ, ಶಿರಸಿಯ ಅಡಿಕೆ ತೋಟದೊಳಗೆ ಇಳಿಯುವ ಬೆಳಕು. ಒಂದು ದಿನ ಸುಮ್ನೆ ಓಡಾಡಿದರೂ ಮೆಮೊರಿ ಕಾರ್ಡ್ ತುಂಬುತ್ತದೆ. ಹಾಗಾಗಿ ಇಲ್ಲಿ ಮಾಡುವ ಎಷ್ಟೋ ಕಿರುಚಿತ್ರಗಳು ಪ್ರವಾಸದ ಜಾಹೀರಾತಿನಂತೆ ಆಗಿಬಿಡುತ್ತವೆ. ನೋಡುವಾಗ ಆಹಾ ಅನ್ನಿಸುತ್ತದೆ, ಮುಗಿದ ಮೇಲೆ ಯಾರ ಕಥೆ ಅಂತಲೇ ನೆನಪಿರುವುದಿಲ್ಲ.

ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಕೆಲಸದ ಸಣ್ಣ ಭಾಗ. ಭಾವ ಹುಟ್ಟುವುದು ಒಂದು ಶಾಟ್ (ನಡುವೆ ಕತ್ತರಿಸದ ಒಂದು ತುಣುಕು) ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ. ಆದ್ದರಿಂದ ಒಂದು ಶಾಟ್ ಎಷ್ಟು ಚೆಂದ ಇದೆ ಅನ್ನುವುದಕ್ಕಿಂತ, ಪಕ್ಕದ ಶಾಟ್ ಜೊತೆ ಸೇರಿದಾಗ ಅದು ಏನು ಹೇಳುತ್ತದೆ ಅನ್ನುವುದು ಮುಖ್ಯ. ಈ ಬರಹದ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಅಭ್ಯಾಸಕ್ಕೆ ಒಂದು ಪುಟ್ಟ ಕಥೆ ಇಟ್ಟುಕೊಳ್ಳೋಣ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದು ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದಿವೆ. ಮೀನು ಮಾರುವ ಒಬ್ಬ ಆಯಿ (ತಾಯಿ) ಕಾರವಾರದ ಬೈತಖೋಲ ಬಂದರಿನಲ್ಲಿ ಕಾಯುತ್ತಿದ್ದಾಳೆ. ಮಗ ಇದೇ ಮೊದಲ ಸಲ ಖಲಾಸಿಯಾಗಿ (ಬೋಟಿನ ಕೆಲಸದಾಳಾಗಿ) ಹೋಗಿದ್ದಾನೆ. ಉಳಿದ ಬೋಟುಗಳು ಬಂದವು, ಅವನದು ಬರಲಿಲ್ಲ. ಕೊನೆಗೆ ಬರುತ್ತದೆ. ಇಷ್ಟೇ ಕಥೆ. ಏಳೆಂಟು ನಿಮಿಷದ ಚಿತ್ರಕ್ಕೆ ಇದು ಸಾಕು.

ಹಂತ 1: ಯಾರಿಗೆ, ಯಾವಾಗ, ಏನು ಗೊತ್ತಿರಬೇಕು?

ಕಂಪ್ಯೂಟರ್ ಹಚ್ಚುವ ಮೊದಲು ಕಾಗದದ ಮೇಲೆ ಒಂದು ತೀರ್ಮಾನ ಬರೆಯಿರಿ. ನೋಡುವವನಿಗೆ ಎಷ್ಟು ಗೊತ್ತಿರಬೇಕು? ನಮ್ಮ ಕಥೆಯನ್ನು ಇದೇ ಫುಟೇಜಿನಿಂದ ಮೂರು ಥರ ಹೇಳಬಹುದು.

ಮೊದಲನೆಯದು, ಕಡಲಿನಲ್ಲಿ ಬೋಟಿನ ಇಂಜಿನ್ ನಿಂತಿದೆ ಅಂತ ನಮಗೆ ಮೊದಲೇ ತೋರಿಸುವುದು. ಆಯಿಗೆ ಅದು ಗೊತ್ತಿಲ್ಲ. ಅವಳು ಪಕ್ಕದವಳ ಜೊತೆ ನಗುನಗುತ್ತಾ ಮಾತಾಡಿದಾಗೆಲ್ಲ ನಮಗೆ ಹೊಟ್ಟೆಯಲ್ಲಿ ಸಂಕಟ. ಎರಡನೆಯದು, ಆಯಿಗೆ ಗೊತ್ತಿರುವಷ್ಟೇ ನಮಗೂ ಗೊತ್ತಿರುವುದು. ಅವಳ ಜೊತೆ ನಾವೂ ಕಾಯುತ್ತೇವೆ. ಮೂರನೆಯದು, ಆಯಿ ಮಗನಿಗೆ ಕಾಯುತ್ತಿದ್ದಾಳೆ ಅನ್ನುವುದನ್ನೇ ಮುಚ್ಚಿಡುವುದು. ಮೀನಿಗಾಗಿ ಕಾಯುತ್ತಿದ್ದಾಳೆ ಅಂದುಕೊಂಡಿರುತ್ತೇವೆ. ಅರ್ಧ ದಾರಿಯಲ್ಲಿ ವಿಷಯ ಗೊತ್ತಾದಾಗ, ಅದುವರೆಗೆ ನೋಡಿದ್ದೆಲ್ಲ ಬೇರೆಯಾಗಿ ಕಾಣತೊಡಗುತ್ತದೆ.

ಹೊಸಬರಿಗೆ ಮೂರನೆಯದು ಜಾಸ್ತಿ ಇಷ್ಟ. ನನಗೆ ಅದರ ಮೇಲೆ ಸ್ವಲ್ಪ ಅನುಮಾನ. ಮುಚ್ಚಿಟ್ಟಿದ್ದು ಬಯಲಾದ ಮೇಲೆ ಮುಂದಿನ ನಾಲ್ಕು ನಿಮಿಷಕ್ಕೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮುಚ್ಚಿಡುವುದೇ ಆದರೆ ಹೇಗೆ ಅನ್ನುವುದನ್ನು ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ನೋಡಿ. ರಾಕ್ಷಸ ವೇಷ ಮೊದಲು ತೆರೆಯ ಹಿಂದೆಯೇ ಕುಣಿಯುತ್ತದೆ. ಅಬ್ಬರ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಏನೋ ಇದೆ ಅಂತ ನಮಗೆ ಗೊತ್ತು, ಪೂರ್ತಿ ಕಾಣುತ್ತಿಲ್ಲ ಅಷ್ಟೇ. ಏನೂ ಸುಳಿವು ಕೊಡದೆ ಇಟ್ಟುಕೊಂಡ ಗುಟ್ಟಿಗಿಂತ ಹೀಗೆ ಅರೆಬರೆ ತೋರಿಸಿದ್ದು ಹೆಚ್ಚು ಕೆಲಸ ಮಾಡುತ್ತದೆ.

ಈ ಬರಹದಲ್ಲಿ ನಾವು ಎರಡನೆಯ ದಾರಿ ಹಿಡಿಯೋಣ. ಆಯಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು. ಈ ಸಾಲನ್ನು ಬರೆದು ಮಾನಿಟರಿನ ಅಂಚಿಗೆ ಅಂಟಿಸಿ. ಮುಂದೆ ಹತ್ತು ಸಲ ಬೇಕಾಗುತ್ತದೆ.

ಹಂತ 2: ಫುಟೇಜ್ ಸಿದ್ಧ ಮಾಡಿಕೊಳ್ಳಿ

ಇದನ್ನು ಬೇಗ ಮುಗಿಸೋಣ. ಎಲ್ಲ ಫೈಲ್‌ಗಳ ಎರಡು ಪ್ರತಿ ಎರಡು ಬೇರೆ ಡ್ರೈವ್‌ಗಳಲ್ಲಿ ಇರಲಿ. ದಿನ, ಜಾಗ, ಕ್ಯಾಮೆರಾ ಪ್ರಕಾರ ಫೋಲ್ಡರ್ ಮಾಡಿ. ಮೊಬೈಲಿನಲ್ಲಿ ಶೂಟ್ ಮಾಡಿದ್ದರೆ ಒಂದು ಎಚ್ಚರ: ಎಷ್ಟೋ ಫೋನುಗಳು ಫ್ರೇಮ್ ವೇಗವನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು) ತಮಗೆ ಬೇಕಾದಂತೆ ಏರಿಳಿಸುತ್ತವೆ. ಅದನ್ನು ಹಾಗೇ ಟೈಮ್‌ಲೈನಿಗೆ (ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಹಾಕಿದರೆ ಸ್ವಲ್ಪ ಹೊತ್ತಿನ ಮೇಲೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಮೊದಲು ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿಕೊಳ್ಳಿ.

ಬಂದರಿನ ನಸುಕಿನ ಹರಾಜು ಟ್ಯೂಬ್‌ಲೈಟ್ ಕೆಳಗೆ ನಡೆಯುತ್ತಿದ್ದರೆ ಚಿತ್ರ ಮಿನುಗಬಹುದು. ನಮ್ಮ ಕರೆಂಟು 50 ಹರ್ಟ್ಜ್. ಶೂಟ್ ಮಾಡುವಾಗಲೇ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಈ ಕಾಟ ಇರುವುದಿಲ್ಲ. ಆಮೇಲೆ ಸರಿಮಾಡುವುದು ಕಷ್ಟ.

ಸಾಫ್ಟ್‌ವೇರ್ ಯಾವುದಾದರೂ ಸರಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಎರಡೂ ನಡೆಯುತ್ತವೆ. ಲ್ಯಾಪ್‌ಟಾಪ್ ಏದುಸಿರು ಬಿಟ್ಟರೆ ಪ್ರಾಕ್ಸಿ, ಅಂದರೆ ಎಡಿಟ್ ಮಾಡಲಷ್ಟೇ ಬಳಸುವ ಹಗುರ ಪ್ರತಿ, ಮಾಡಿಕೊಳ್ಳಿ. ಈ ಬರಹದಲ್ಲಿ ಸೆಕೆಂಡಿಗೆ 25 ಫ್ರೇಮ್ ಲೆಕ್ಕ ಹಿಡಿದಿದ್ದೇನೆ. ಅಂದರೆ 50 ಫ್ರೇಮ್ ಎರಡು ಸೆಕೆಂಡ್.

ಹಂತ 3: ಎಲ್ಲವನ್ನೂ ನೋಡಿ, ಏನನ್ನೂ ಕತ್ತರಿಸಬೇಡಿ

ಮೊದಲ ಸಲ ನೋಡುವಾಗ ನೀವು ಪ್ರೇಕ್ಷಕರೇ. ಆ ಕಣ್ಣು ಇನ್ನೊಮ್ಮೆ ಸಿಗುವುದಿಲ್ಲ. ಕೈಯಲ್ಲಿ ನೋಟ್‌ಬುಕ್ ಇರಲಿ. ಪ್ರತಿ ಶಾಟ್‌ಗೆ ಮೂರು ವಿಷಯ ಬರೆಯಿರಿ: ಏನಿದೆ, ನೋಟ ಅಥವಾ ಚಲನೆ ಯಾವ ದಿಕ್ಕಿಗೆ, ನೋಡಿದಾಗ ನಿಮಗೆ ಏನನ್ನಿಸಿತು. ಮೂರನೆಯದನ್ನು ಬಿಡಲೇಬೇಡಿ. 'ಬುಟ್ಟಿ ಎತ್ತುವಾಗ ಕೈ ನಡುಗಿತು', 'ಇಲ್ಲಿ ಬೋರು', 'ಹಿಂದೆ ಯಾರೋ ನಕ್ಕರು, ಚೆನ್ನಾಗಿದೆ' ಅನ್ನುವಂಥ ಟಿಪ್ಪಣಿ ಎರಡು ವಾರದ ನಂತರ ಚಿನ್ನ.

ಶಾಟ್ ಮುಗಿದಿದೆ ಅಂದುಕೊಂಡು ಕ್ಯಾಮೆರಾ ಆಫ್ ಮಾಡುವ ಮೊದಲಿನ ಕೆಲವು ಸೆಕೆಂಡುಗಳನ್ನೂ ನೋಡಿ. ಆಯಿ ಪಾತ್ರ ಮಾಡಿದವರು ಮೈ ಸಡಿಲಬಿಟ್ಟು ಸುಮ್ಮನೆ ಕೂತ ಆ ಕ್ಷಣ ಕಾಯುವ ದೃಶ್ಯಕ್ಕೆ ಸಿಕ್ಕ ಅತ್ಯುತ್ತಮ ಶಾಟ್ ಆಗಿರಬಹುದು.

ಈ ಕೆಲಸ ಮಾಡುವವರ ಹೆಸರು ಪರದೆಯ ಮೇಲೆ ಬಂದರೂ ಯಾರೂ ಓದುವುದಿಲ್ಲ, ಅಲ್ವಾ? 1929ರಲ್ಲಿ ಸೋವಿಯತ್ ನಿರ್ದೇಶಕ ಝಿಗಾ ವೆರ್ತೋವ್ ತನ್ನ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' ಚಿತ್ರದಲ್ಲಿ ಎಡಿಟರ್ ಎಲಿಜವೆತಾ ಸ್ವಿಲೋವಾ ಫಿಲ್ಮ್ ಸುರುಳಿಗಳನ್ನು ವಿಂಗಡಿಸುವುದನ್ನೇ ದೃಶ್ಯವಾಗಿ ಇಟ್ಟ. ಮೇಜಿನ ಮೇಲೆ ನಿಶ್ಚಲವಾಗಿದ್ದ ಮುಖಗಳು ಮರುಕ್ಷಣ ಓಡಾಡುವ ಜನರಾಗುತ್ತವೆ. ವಿಂಗಡಿಸುವ ಕೆಲಸಕ್ಕೆ ಬೇಸರ ಬಂದಾಗ ಆ ಭಾಗ ಹುಡುಕಿ ನೋಡಿ.

ಹಂತ 4: ಒಂದು ಮುಖ, ನಾಲ್ಕು ಅರ್ಥ

ಈಗ ನಿಜವಾದ ಪಾಠ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಡಿ.

ಸುಮಾರು 1920ರ ಹೊತ್ತಿಗೆ ರಷ್ಯಾದಲ್ಲಿ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಇವಾನ್ ಮೊಝುಖಿನ್ ಎಂಬ ನಟನ ಯಾವ ಭಾವವೂ ಇಲ್ಲದ ಮುಖ ತೆಗೆದುಕೊಂಡ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿದ್ದ ಮಗು, ಒಮ್ಮೆ ಒಬ್ಬ ಹೆಂಗಸಿನ ಶಾಟ್ ಜೋಡಿಸಿದ. ನೋಡಿದವರು ನಟನ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರಂತೆ. ಮುಖ ಅದೇ. ಬದಲಾಗಿದ್ದು ಪಕ್ಕದ ಚಿತ್ರ ಮಾತ್ರ.

ಇದನ್ನು ನಿಮ್ಮ ಫುಟೇಜಿನಲ್ಲೇ ಮಾಡಿ. ಆಯಿ ಸಮುದ್ರದ ಕಡೆ ನೋಡುತ್ತಿರುವ ನಾಲ್ಕು ಸೆಕೆಂಡಿನ ಶಾಟ್ ಆರಿಸಿ. ಮುಖ, ಇನ್ನೊಂದು ಶಾಟ್, ಮತ್ತೆ ಅದೇ ಮುಖ, ಈ ಕ್ರಮದಲ್ಲಿ ಜೋಡಿಸಿ. ನಡುವೆ ಖಾಲಿ ಬುಟ್ಟಿ ಇಟ್ಟರೆ ಇವತ್ತಿನ ದುಡಿಮೆಯ ಚಿಂತೆ. ಪಕ್ಕದವಳ ಬುಟ್ಟಿಗೆ ಬಂಗಡೆ ಸುರಿಯುವುದನ್ನು ಇಟ್ಟರೆ ಸಣ್ಣ ಹೊಟ್ಟೆಕಿಚ್ಚು. ಕಪ್ಪಿಟ್ಟ ಮೋಡ ಇಟ್ಟರೆ ಹೆದರಿಕೆ. ದೂರದಲ್ಲಿ ಬರುತ್ತಿರುವ ಬೋಟು ಇಟ್ಟರೆ ಆಸೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಮೋಡ, ಮುಖ, ಬೋಟು ಅಂತ ಇಡಿ. ಹೆದರಿದ್ದಳು, ಬೋಟು ಬಂತು, ನಿಟ್ಟುಸಿರು. ಈಗ ತಿರುಗಿಸಿ: ಬೋಟು, ಮುಖ, ಮೋಡ. ಬೋಟು ಬಂದಿದೆ, ಆದರೂ ಅವಳ ಮನಸ್ಸು ಕಡಲಿನಲ್ಲೇ ಇದೆ. ಬಂದ ಬೋಟಿನಲ್ಲಿ ಅವನಿಲ್ಲ ಅಂತ ಯಾರೂ ಹೇಳಲಿಲ್ಲ, ಆದರೂ ಗೊತ್ತಾಯಿತು. ನಮ್ಮ ಚಿತ್ರದ ನಡುಭಾಗಕ್ಕೆ ಬೇಕಾಗಿದ್ದು ಇದೇ.

ಇದರಿಂದ ಕೆಲಸಕ್ಕೆ ಬರುವ ಒಂದು ನಿಯಮ ಸಿಗುತ್ತದೆ. ಹಲವು ಟೇಕ್‌ಗಳಲ್ಲಿ ಕಡಿಮೆ ನಟಿಸಿದ ಟೇಕ್ ಆರಿಸಿ. ಆಯಿ ಕಣ್ಣೀರು ಹಾಕುತ್ತಿರುವ ಟೇಕ್ ಬಿಡಿಯಾಗಿ ನೋಡಿದರೆ ಬಹಳ ಬಲವಾಗಿ ಕಾಣುತ್ತದೆ. ಆದರೆ ಅದು ಪಕ್ಕದ ಶಾಟ್‌ಗೆ ಏನನ್ನೂ ಹೇಳಲು ಬಿಡುವುದಿಲ್ಲ. ಎಲ್ಲವನ್ನೂ ತಾನೇ ಹೇಳಿಬಿಡುತ್ತದೆ. ನೋಡುವವನಿಗೆ ಅಳಲು ಜಾಗವೇ ಇರುವುದಿಲ್ಲ.

ಹಂತ 5: ಒರಟು ಜೋಡಣೆ

ಪ್ರತಿ ದೃಶ್ಯಕ್ಕೆ ಒಂದು ಚೀಟಿ ಬರೆದು ನೆಲದ ಮೇಲೆ ಹರಡಿ. ಕ್ರಮ ಬದಲಿಸಿ ನೋಡಿ. ಎರಡು ಚೀಟಿಗಳ ನಡುವೆ 'ಆದ್ದರಿಂದ' ಅಥವಾ 'ಆದರೆ' ಹಾಕಲು ಬಂದರೆ ಕಥೆ ನಡೆಯುತ್ತಿದೆ. 'ಆಮೇಲೆ' ಮಾತ್ರ ಬರುತ್ತಿದ್ದರೆ ಬರೀ ದಿನಚರಿ. ಕ್ರಮ ಒಂದು ಹದಕ್ಕೆ ಬಂದ ಮೇಲೆ ಟೈಮ್‌ಲೈನಿನಲ್ಲಿ ಶಾಟ್‌ಗಳನ್ನು ಉದ್ದುದ್ದವಾಗಿಯೇ ಸುರಿಯಿರಿ. ಎಂಟು ನಿಮಿಷದ ಚಿತ್ರ ಇಲ್ಲಿ ಇಪ್ಪತ್ತು ನಿಮಿಷ ಬಂದರೂ ಗಾಬರಿ ಬೇಡ. ಸಂಗೀತ ಹಾಕಬೇಡಿ. ಸಂಗೀತ ಹಾಕಿದ ಕೂಡಲೇ ಕೆಟ್ಟ ಜೋಡಣೆಯೂ ಚೆನ್ನಾಗಿದೆ ಅನ್ನಿಸತೊಡಗುತ್ತದೆ.

ಹಂತ 6: ದಿಕ್ಕು, ಬೆಳಕು, ಭರತ-ಇಳಿತ

ಒಂದು ದೃಶ್ಯದೊಳಗೆ ಕಟ್ ಕಣ್ಣಿಗೆ ಹೊಡೆಯದಂತೆ ಇರಬೇಕಾದರೆ ನೋಡುವವನಿಗೆ ಜಾಗದ ಲೆಕ್ಕ ತಪ್ಪಬಾರದು. ಅದಕ್ಕೇ 180 ಡಿಗ್ರಿ ನಿಯಮ. ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. ದಾಟಿದರೆ ಎದುರುಬದುರು ಕೂತವರು ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತಾರೆ.

ನಮ್ಮ ಕರಾವಳಿಯಲ್ಲಿ ಈ ನಿಯಮ ನೆನಪಿಡುವುದು ಸುಲಭ. ಸಮುದ್ರ ಪಶ್ಚಿಮಕ್ಕೆ. ದಡದಲ್ಲಿ ನಿಂತು ಕಡಲಿನ ಕಡೆ ಕ್ಯಾಮೆರಾ ಹಿಡಿದರೆ ಬಲಗಡೆ ಗೋವಾ, ಎಡಗಡೆ ಅಂಕೋಲಾ, ಕುಮಟಾ. ಉತ್ತರಕ್ಕೆ ಹೋಗುವ ಬೋಟು ಫ್ರೇಮಿನಲ್ಲಿ ಎಡದಿಂದ ಬಲಕ್ಕೆ ಹೋಗುತ್ತದೆ. ಅದೇ ಬೋಟನ್ನು ಇನ್ನೊಂದು ಬೋಟಿನಿಂದ ದಡದ ಕಡೆ ತಿರುಗಿ ಶೂಟ್ ಮಾಡಿದರೆ ಬಲದಿಂದ ಎಡಕ್ಕೆ ಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೋದ ಬೋಟು ವಾಪಸ್ ಬಂತು ಅನ್ನಿಸುತ್ತದೆ. ಹೋಗುವುದು, ಬರುವುದು ಇವೆರಡರ ಮೇಲೇ ನಿಂತಿರುವ ಕಥೆಯಲ್ಲಿ ಇದು ದೊಡ್ಡ ಗೊಂದಲ. ಹೀಗಿಡಿ: ಚಿತ್ರದುದ್ದಕ್ಕೂ ಹೋಗುವ ಬೋಟುಗಳು ಒಂದೇ ದಿಕ್ಕಿಗೆ, ಬರುವ ಬೋಟುಗಳು ಅದಕ್ಕೆ ಎದುರು. ದಿಕ್ಕು ಬದಲಿಸಲೇಬೇಕಾದರೆ ನಡುವೆ ಬೋಟು ನೇರ ಕ್ಯಾಮೆರಾ ಕಡೆ ಬರುವ ಶಾಟ್ ಹಾಕಿ.

ಬೆಳಕಿನ ಲೆಕ್ಕವೂ ಇದೆ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರುತ್ತಾನೆ, ಕಡಲು ನೋಡುತ್ತಾ ನಿಂತ ಆಯಿಗೆ ಬೆಳಕು ಬೆನ್ನ ಮೇಲೆ. ಸಂಜೆ ಮುಖದ ಮೇಲೆ. ಎರಡು ಹೊತ್ತಿನ ಶಾಟ್‌ಗಳನ್ನು ಒಂದೇ ದೃಶ್ಯಕ್ಕೆ ಬೆರೆಸಿದರೆ ಬಣ್ಣ ಎಷ್ಟೇ ತಿದ್ದಿದರೂ ನೆರಳು ಸುಳ್ಳು ಹೇಳುವುದಿಲ್ಲ. ಆದರೆ ಬೇಕೆಂದೇ ಬಳಸಿದರೆ ಇದೇ ದೊಡ್ಡ ಸಹಾಯ. ಬೆನ್ನ ಮೇಲಿನ ಬೆಳಕಿನಿಂದ ಮುಖದ ಮೇಲಿನ ಬೆಳಕಿಗೆ ಕಟ್ ಮಾಡಿದರೆ ಇಡೀ ದಿನ ಕಾದಳು ಅಂತ ಒಂದೇ ಕಟ್ ಹೇಳುತ್ತದೆ. ಗಡಿಯಾರದ ಶಾಟ್ ಬೇಕಾಗಿಲ್ಲ.

ಭರತ-ಇಳಿತ ಸರಿಸುಮಾರು ಆರು ತಾಸಿಗೊಮ್ಮೆ ಬದಲಾಗುತ್ತದೆ. ಜೆಟ್ಟಿಯ ಕಂಬದ ಮೇಲಿನ ಒದ್ದೆ ಗೆರೆ, ಕಟ್ಟಿದ ಬೋಟು ನಿಂತ ಎತ್ತರ, ಇವನ್ನು ಪೇಟೆಯ ಪ್ರೇಕ್ಷಕ ಗಮನಿಸದೇ ಇರಬಹುದು. ಬಂದರಿನವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಇನ್ನೆರಡು ಮಾತು. ಅದೇ ವ್ಯಕ್ತಿಯ ಎರಡು ಶಾಟ್ ಅಕ್ಕಪಕ್ಕ ಇಡುವಾಗ ಕ್ಯಾಮೆರಾ ಕೋನ ಕನಿಷ್ಠ 30 ಡಿಗ್ರಿ ಬದಲಾಗಿರಲಿ. ಇಲ್ಲದಿದ್ದರೆ ಚಿತ್ರ ಜಿಗಿದಂತೆ ಆಗುತ್ತದೆ. ಮತ್ತೆ, ಚಲನೆಯ ನಡುವೆ ಕಟ್ ಮಾಡಿ. ಆಯಿ ಬುಟ್ಟಿ ಎತ್ತಲು ಬಗ್ಗುವಾಗ ದೂರದ ಶಾಟ್, ಬಗ್ಗುತ್ತಿರುವಾಗಲೇ ಹತ್ತಿರದ ಶಾಟ್‌ಗೆ ಹೋಗಿ. ಕಣ್ಣು ಬುಟ್ಟಿಯ ಹಿಂದೆ ಹೋಗಿರುತ್ತದೆ, ಕಟ್ ಕಾಣುವುದಿಲ್ಲ.

ಹಂತ 7: ಎಷ್ಟು ಹೊತ್ತು ಹಿಡಿಯಬೇಕು?

ಅಮೆರಿಕದ ಎಡಿಟರ್ ವಾಲ್ಟರ್ ಮರ್ಚ್ ಒಂದು ಕಟ್ ಸರಿ ಇದೆಯಾ ಅಂತ ಅಳೆಯಲು ಆರು ಅಂಶ ಹೇಳುತ್ತಾನೆ, ಒಂದೊಂದಕ್ಕೂ ತೂಕ ಕೊಟ್ಟು: ಭಾವ 51%, ಕಥೆ 23%, ಲಯ 10%, ಕಣ್ಣು ಎಲ್ಲಿದೆ ಅನ್ನುವುದು 7%, ಪರದೆಯ ಮೇಲಿನ ಜಾಗ 5%, ನಿಜವಾದ ಜಾಗದ ಲೆಕ್ಕ 4%. ಹಿಂದಿನ ಹಂತದಲ್ಲಿ ನಾನು ಇಷ್ಟುದ್ದ ಹೇಳಿದ್ದೆಲ್ಲ ಈ ಪಟ್ಟಿಯ ಕೊನೆಯಲ್ಲಿದೆ ಅನ್ನುವುದನ್ನು ಗಮನಿಸಿ. ಭಾವ ಮತ್ತು ದಿಕ್ಕು ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ದಿಕ್ಕು ಬಿಡಿ.

ಭಾವ ಅಳೆಯುವುದು ಹೇಗೆ? ನಾನು ನಂಬಿರುವ ದಾರಿ ಸರಳ. ಶಾಟ್ ಓಡಲಿ, ನೋಡುತ್ತಾ ಇರಿ, ಕಟ್ ಬೇಕು ಅನ್ನಿಸಿದ ಕ್ಷಣ ಕೀ ಒತ್ತಿ. ಆ ಜಾಗ ಗುರುತು ಹಾಕಿ. ಮತ್ತೆ ಮೊದಲಿನಿಂದ ಓಡಿಸಿ, ಮತ್ತೆ ಒತ್ತಿ. ಎರಡು ಗುರುತುಗಳು ಕೆಲವೇ ಫ್ರೇಮ್ ಅಂತರದಲ್ಲಿ ಬಿದ್ದರೆ ಅಲ್ಲಿ ಏನೋ ಇದೆ. ದೂರ ದೂರ ಬಿದ್ದರೆ ಆ ಶಾಟ್‌ನಲ್ಲಿ ನಿಮಗೇ ಏನು ಬೇಕು ಅಂತ ಗೊತ್ತಾಗಿಲ್ಲ.

ಕಾಯುವ ದೃಶ್ಯದಲ್ಲಿ ಉದ್ದದ ಶಾಟ್ ಇಡಲು ಧೈರ್ಯ ಬೇಕು. ಆಯಿ ಜೆಟ್ಟಿಯ ಕಟ್ಟೆಯ ಮೇಲೆ ಕೂತಿದ್ದಾಳೆ. ಐದು ಸೆಕೆಂಡಿಗೆ ಮಾಹಿತಿ ಸಿಕ್ಕಿತು: ಹೆಂಗಸು, ಬಂದರು, ಕಾಯುತ್ತಿದ್ದಾಳೆ. ಹತ್ತು ಸೆಕೆಂಡಿಗೆ ಬೇಸರ ಶುರು. ಆದರೆ ಹದಿನೈದು, ಇಪ್ಪತ್ತಕ್ಕೆ ಹೋದಾಗ ನೋಡುವವನ ಕಣ್ಣು ತಾನೇ ಹುಡುಕಲು ಶುರುಮಾಡುತ್ತದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಾಳೆ, ಹಿಂದೆ ಐಸು ತುಂಬಿದ ಬಾಕ್ಸು ಹೊತ್ತವರು ಹೋಗುತ್ತಿದ್ದಾರೆ, ಇವಳ ಕಡೆ ಯಾರೂ ನೋಡುತ್ತಿಲ್ಲ. ಬೇಸರದ ಗೆರೆ ದಾಟಿದ ಮೇಲೆ ಗಮನ ಹೆಚ್ಚಾಗುತ್ತದೆ. ಹತ್ತು ಸೆಕೆಂಡಿಗೆ ಕತ್ತರಿಸಿದರೆ ಬೇಸರ ಮಾತ್ರ ಕೊಟ್ಟಂತಾಯಿತು. ಇಂಥ ಉದ್ದದ ಶಾಟ್ ಚಿತ್ರಕ್ಕೆ ಒಂದು ಸಾಕು.

ಹಂತ 8: ಮೊಂಟಾಜ್

ಮೊಂಟಾಜ್ ಅಂದ ಕೂಡಲೇ ಹಾಡಿನ ಮೇಲೆ ಪಟಪಟ ಬದಲಾಗುವ ಚಿತ್ರಗಳು ನೆನಪಾಗುತ್ತವೆ. ಸೋವಿಯತ್ ನಿರ್ದೇಶಕ ಸೆರ್ಗಿ ಐಸೆನ್‌ಸ್ಟೈನ್‌ಗೆ ಅದು ಎರಡು ಚಿತ್ರಗಳ ಡಿಕ್ಕಿ. ಡಿಕ್ಕಿಯಿಂದ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ಬರಬೇಕು. 1925ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್'ನಲ್ಲಿ ಮೂರು ಕಲ್ಲಿನ ಸಿಂಹಗಳ ಶಾಟ್ ಇವೆ. ಮಲಗಿದ್ದು, ತಲೆ ಎತ್ತಿದ್ದು, ಎದ್ದಿದ್ದು. ಮೂರು ಬೇರೆ ಬೇರೆ ಮೂರ್ತಿಗಳು. ಒಂದರ ಹಿಂದೆ ಒಂದು ಬಂದಾಗ ಕಲ್ಲೇ ಎದ್ದು ನಿಂತಂತೆ ಆಗುತ್ತದೆ.

ಅದೇ ಚಿತ್ರದ ಒಡೆಸ್ಸಾ ಮೆಟ್ಟಿಲಿನ ದೃಶ್ಯದಲ್ಲಿ ಇನ್ನೊಂದು ಪಾಠ. ಸೈನಿಕರು ಮೆಟ್ಟಿಲಿಳಿಯಲು ನಿಜಕ್ಕೂ ಬೇಕಾಗುವ ಹೊತ್ತಿಗಿಂತ ಪರದೆಯ ಮೇಲೆ ಎಷ್ಟೋ ಜಾಸ್ತಿ ಹೊತ್ತು ಇಳಿಯುತ್ತಲೇ ಇರುತ್ತಾರೆ. ಸಮಯವನ್ನು ಎಡಿಟರ್ ಹಿಗ್ಗಿಸಬಹುದು, ಕುಗ್ಗಿಸಬಹುದು. ನಮ್ಮ ಚಿತ್ರದಲ್ಲಿ ಎರಡೂ ಬೇಕು.

ಮೊದಲು ಕುಗ್ಗಿಸುವುದು. ನಿಷೇಧದ 61 ದಿನವನ್ನು ನಲವತ್ತು ಸೆಕೆಂಡಿನಲ್ಲಿ ತೋರಿಸಬೇಕು. ದಡಕ್ಕೆ ಎಳೆದ ಬೋಟು, ಟಾರ್ಪಾಲಿನ ಮೇಲೆ ಮಳೆ, ಬಲೆ ಹೆಣೆಯುವ ಬೆರಳು, ಕೆಂಡದ ಮೇಲೆ ಒಣಮೀನು, ಅಂಗಡಿಯ ಸಾಲದ ಪುಸ್ತಕ. ಇವನ್ನು ಸುಮ್ನೆ ಸಾಲಾಗಿ ಇಟ್ಟರೆ ಪಟ್ಟಿಯಾಗುತ್ತದೆ, ಮೊಂಟಾಜ್ ಆಗುವುದಿಲ್ಲ. ಒಳಗೆ ಏನೋ ಒಂದು ಬದಲಾಗುತ್ತಾ ಹೋಗಬೇಕು. ಒಣಮೀನಿನ ಡಬ್ಬ ಆರಿಸಿಕೊಳ್ಳಿ. ಮೊದಲು ತುಂಬಿದೆ, ನಾಲ್ಕು ಶಾಟ್ ಆದ ಮೇಲೆ ಅರ್ಧ, ಕೊನೆಗೆ ತಳದಲ್ಲಿ ಎರಡು ತುಂಡು. ಅದರ ಪಕ್ಕ ಸಾಲದ ಪುಸ್ತಕದ ಗೆರೆಗಳು ಹೆಚ್ಚುತ್ತಾ ಬರಲಿ. ಒಂದು ಇಳಿಯುತ್ತಿದೆ, ಒಂದು ಏರುತ್ತಿದೆ. ಮಗ ಯಾಕೆ ಬೋಟು ಹತ್ತಿದ ಅಂತ ಇನ್ನು ಯಾರೂ ಮಾತಿನಲ್ಲಿ ಹೇಳಬೇಕಾಗಿಲ್ಲ.

ಉದ್ದದ ಲೆಕ್ಕ ಹೇಗೆ? ಐಸೆನ್‌ಸ್ಟೈನ್ ಹೇಳಿದ ಬಗೆಗಳಲ್ಲಿ ಅತಿ ಸರಳವಾದದ್ದು ಅಳತೆಯ ಮೊಂಟಾಜ್. ಶಾಟ್‌ನಲ್ಲಿ ಏನೇ ಇರಲಿ, ಉದ್ದ ಮಾತ್ರ ಲೆಕ್ಕದ್ದು. ಮೊದಲ ಆರು ಶಾಟ್ 75 ಫ್ರೇಮ್, ಮುಂದಿನ ಆರು 50, ಕೊನೆಯ ಆರು 37 ಅಂತ ಇಳಿಸಿ ನೋಡಿ. ಸರಿಸುಮಾರು ನಲವತ್ತು ಸೆಕೆಂಡ್ ಆಗುತ್ತದೆ, ಒತ್ತಡ ತಾನೇ ಏರುತ್ತದೆ.

ಎರಡನೆಯದು ಲಯದ ಮೊಂಟಾಜ್. ಇಲ್ಲಿ ಶಾಟ್‌ನೊಳಗಿನ ಚಲನೆಯೇ ಉದ್ದವನ್ನು ನಿರ್ಧರಿಸುತ್ತದೆ. ಇದಕ್ಕೆ ಬಂದರಿಗಿಂತ ಒಳ್ಳೆಯ ಉದಾಹರಣೆ ಘಟ್ಟದ ಮೇಲಿದೆ. ಶಿರಸಿ, ಸಿದ್ದಾಪುರದ ಕಡೆ ಕೊನೆಕೊಯ್ಲಿನಲ್ಲಿ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ಮರದ ತುದಿಯಿಂದ ಅಡಿಕೆ ಕೊನೆಯನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತಾನೆ. ಕೊನೆ ಜಾರಿ ಬರುವ ಶಾಟ್, ನೆಲ ಮುಟ್ಟುವ ಮೊದಲೇ ಕಟ್, ಸುಲಿದ ಅಡಿಕೆ ಬುಟ್ಟಿಗೆ ಬೀಳುವುದು, ಬುಟ್ಟಿ ತುಂಬುವ ಮೊದಲೇ ಕಟ್, ಬೇಯಿಸುವ ಹಂಡೆಗೆ ಸುರಿಯುವುದು. ಮೂರರಲ್ಲೂ ಚಲನೆ ಮೇಲಿನಿಂದ ಕೆಳಕ್ಕೆ. ಬೇರೆ ಬೇರೆ ಹೊತ್ತಿನ ಕೆಲಸ ಒಂದೇ ಉಸಿರಿನಲ್ಲಿ ಆದಂತೆ ಅನ್ನಿಸುತ್ತದೆ.

ಬೆಳಕು, ಬಣ್ಣ, ತೂಕ ನೋಡಿ ಜೋಡಿಸುವುದು ಇನ್ನೊಂದು ಬಗೆ. ಮಳೆಗಾಲದ ಬೂದು ಶಾಟ್‌ಗಳು ಒಂದೊಂದಾಗಿ ಕಪ್ಪಾಗುತ್ತಾ ಹೋಗುವುದು ಇದಕ್ಕೆ ಒಂದು ಉದಾಹರಣೆ. ಕೊನೆಯದು ವಿಚಾರದ ಮೊಂಟಾಜ್. ಹೋಟೆಲಿನ ಬೋರ್ಡಿನಲ್ಲಿ ಇಸ್ವಾಣ ಮೀನಿನ ಫ್ರೈ ಬೆಲೆ, ಪಕ್ಕದಲ್ಲಿ ಆಯಿ ಅಂಗೈಯಲ್ಲಿ ಎಣಿಸುತ್ತಿರುವ ಚಿಲ್ಲರೆ. ನೋಡಿದವನಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಇದು ಬಹಳ ಜೋರು ಮಾತು. ಎರಡನೇ ಸಲ ಮಾಡಿದರೆ ಭಾಷಣ.

ಈಗ ಹಿಗ್ಗಿಸುವುದು. ಕೊನೆಯ ಬೋಟು ಕಂಡಿದೆ, ಮೇಲಿರುವವರ ಮುಖ ಕಾಣುತ್ತಿಲ್ಲ. ನಿಜದಲ್ಲಿ ಇದು ಸಣ್ಣ ಹೊತ್ತು. ಇದನ್ನು ಒಂದು ನಿಮಿಷಕ್ಕೆ ಎಳೆಯಿರಿ. ಬೋಟು, ಆಯಿ ಎದ್ದು ನಿಲ್ಲುವುದು, ಮತ್ತೆ ಬೋಟು, ಆದರೆ ಹಿಂದಿನ ಶಾಟ್ ಎಲ್ಲಿ ಮುಗಿದಿತ್ತೋ ಅದಕ್ಕಿಂತ ಸ್ವಲ್ಪ ಹಿಂದಿನಿಂದ. ಪಕ್ಕದವಳ ಮುಖ. ಮತ್ತೆ ಬೋಟು, ಮತ್ತೆ ಸ್ವಲ್ಪ ಹಿಂದಿನಿಂದ. ಬೋಟು ಬರುತ್ತಿದೆ, ಆದರೆ ಮುಟ್ಟುತ್ತಿಲ್ಲ. ಮಗನ ಮುಖಕ್ಕೆ ಯಾವಾಗ ಕಟ್ ಮಾಡಬೇಕು? ನನ್ನ ಕೈಯಲ್ಲಿದ್ದರೆ ಮಾಡುವುದೇ ಇಲ್ಲ. ಆಯಿ ಕೈಗೆ ಬುಟ್ಟಿ ತೆಗೆದುಕೊಂಡು ಹರಾಜಿನ ಕಡೆ ತಿರುಗುತ್ತಾಳೆ. ಮಗ ಬಂದ ಅಂತ ಅಷ್ಟರಿಂದಲೇ ಗೊತ್ತಾಗುತ್ತದೆ. ನಾಲ್ಕನೇ ಹಂತದ ಪಾಠ ಇಲ್ಲಿ ದುಡಿಯುತ್ತದೆ.

ಹಂತ 9: ಎರಡು ಕಡೆಯ ಕಥೆ ಒಟ್ಟಿಗೆ ಹೇಳಬೇಕಾ?

ಆಯಿ ಇಲ್ಲಿ, ಬೋಟು ಅಲ್ಲಿ, ಒಂದಾದ ಮೇಲೆ ಒಂದು ತೋರಿಸುವ ಆಸೆ ಬಂದೇ ಬರುತ್ತದೆ. ಮಾನಿಟರಿನ ಅಂಚಿನ ಚೀಟಿ ನೋಡಿ. ಆಯಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು ಅಂತ ಬರೆದಿದ್ದೇವೆ. ಬೋಟಿನ ಮೇಲೆ ಒಂದೇ ಒಂದು ಶಾಟ್ ಹೋದರೂ ಆ ಮಾತು ಮುರಿಯಿತು. ಕಡಲಿನ ಮಧ್ಯೆ ಬೋಟು ನಡೆಸುವ ತಾಂಡೇಲನ ಜೊತೆ ಹೋಗಿ ಕಷ್ಟಪಟ್ಟು ಶೂಟ್ ಮಾಡಿದ ಭಾಗ ಅದು, ಬಿಡಲು ಸಂಕಟ. ಬಿಡಿ.

ಬೇರೆ ಕಥೆಗೆ ಬೇಕಾದರೆ, ಉದಾಹರಣೆಗೆ ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲ ಒಂದು ಕಡೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇನ್ನೊಂದು ಕಡೆ. ಪ್ರತಿ ಸಲ ವಾಪಸ್ ಹೋದಾಗ ಅಲ್ಲಿ ಹೊಸದೊಂದು ಆಗಿರಬೇಕು. ಏನೂ ಆಗಿಲ್ಲದಿದ್ದರೆ ಹೋಗಬಾರದು.

ಹಂತ 10: ಸದ್ದು

ಚಿತ್ರ ಮತ್ತು ಸದ್ದು ಒಂದೇ ಜಾಗದಲ್ಲಿ ಕಟ್ ಆಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮುಂದಿನ ಶಾಟ್‌ನ ಸದ್ದು ಮೊದಲೇ ಬಂದರೆ ಅದು ಜೆ ಕಟ್. ಹಿಂದಿನ ಶಾಟ್‌ನ ಸದ್ದು ಮುಂದುವರಿದರೆ ಎಲ್ ಕಟ್. ಆಯಿಯ ಮುಖದ ಮೇಲೆ ಇಂಜಿನ್ ಸದ್ದು ಸಣ್ಣಗೆ ಶುರುವಾಗಲಿ. ಅವಳ ಕಣ್ಣು ಅಲುಗಲಿ. ಆಮೇಲೆ ಬೋಟು ತೋರಿಸಿ. ಮೊದಲು ಅವಳು ಕೇಳಿದಳು, ಆಮೇಲೆ ನಾವು ನೋಡಿದೆವು. ಬೋಟು ಬಂತು, ಅದು ಅವನದಲ್ಲ. ಈಗ ಚಿತ್ರ ಅವಳ ಮೇಲಿದ್ದರೂ ಆ ಬೋಟಿನವರ ಗಲಾಟೆ, ನಗು ಎಲ್ ಕಟ್‌ನಲ್ಲಿ ಮುಂದುವರಿಯಲಿ. ಬೇರೆಯವರ ಖುಷಿಯ ನಡುವೆ ಅವಳು ಒಬ್ಬಳೇ ಆಗುತ್ತಾಳೆ.

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಮೂವತ್ತು ಸೆಕೆಂಡಾದರೂ ಬರೀ ಜಾಗದ ಸದ್ದು ರೆಕಾರ್ಡ್ ಮಾಡಿಕೊಂಡಿರಬೇಕು. ಕಟ್‌ಗಳ ನಡುವಿನ ತೂತು ಮುಚ್ಚುವುದು ಅದೇ. ಬಯಲು ಕಡಲತೀರದ ಅಲೆಯ ಸದ್ದು ತಂದು ಬಂದರಿನ ದೃಶ್ಯಕ್ಕೆ ಹಾಕಬೇಡಿ. ಜೆಟ್ಟಿಗೆ ನೀರು ಬಡಿಯುವ ಸದ್ದೇ ಬೇರೆ. ಗಾಳಿಯ ಗುಂಯ್ ಅನ್ನುವುದನ್ನು ತಗ್ಗಿಸಲು 80ರಿಂದ 100 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕಡಿಮೆ ಮಾಡಿ. ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ, ಸೊನ್ನೆ ಮುಟ್ಟಬಾರದು.

ಸಂಗೀತ ಕೊನೆಗೆ. ನಮ್ಮ ಕಡೆಯ ಚಿತ್ರಗಳಲ್ಲಿ ಆತಂಕ ಅಂದರೆ ಚೆಂಡೆ ಅಂತ ಆಗಿಬಿಟ್ಟಿದೆ. ಚೆಂಡೆಗೆ ತನ್ನದೇ ಕಥೆ ಇದೆ, ತನ್ನದೇ ರಂಗಸ್ಥಳ ಇದೆ. ಮೀನು ಮಾರುವ ಆಯಿಯ ತಲೆಯ ಮೇಲೆ ಅದನ್ನು ಬಡಿಯುವ ಮೊದಲು, ಎಲ್ಲ ಸದ್ದನ್ನೂ ತೆಗೆದು ಹಗ್ಗ ಬಿಗಿಯಾಗುವ ಕಿರುಗುಟ್ಟುವಿಕೆ ಮಾತ್ರ ಉಳಿಸಿ ನೋಡಿ.

ಹಂತ 11: ತೋರಿಸಿ, ಕಿತ್ತುಹಾಕಿ, ಹೊರಗೆ ತನ್ನಿ

ಒಂದು ವಾರ ಮುಟ್ಟಬೇಡಿ. ಆಮೇಲೆ ಕಥೆ ಗೊತ್ತಿಲ್ಲದ ಇಬ್ಬರಿಗೆ ತೋರಿಸಿ. ಒಬ್ಬರು ಬಂದರಿನವರು, ಒಬ್ಬರು ಘಟ್ಟದ ಮೇಲಿನವರು ಆದರೆ ಒಳ್ಳೆಯದು. 'ಹೇಗಿದೆ?' ಅಂತ ಕೇಳಬೇಡಿ, 'ಚೆನ್ನಾಗಿದೆ' ಅನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ. 'ಏನಾಯ್ತು ಅಂತ ಹೇಳಿ ನೋಡೋಣ' ಅನ್ನಿ. ಆಯಿ ಯಾರಿಗೆ ಕಾಯುತ್ತಿದ್ದಾಳೆ ಅಂತ ಯಾವಾಗ ಗೊತ್ತಾಯಿತು ಅಂತ ಕೇಳಿ. ಅವರು ನೋಡುವಾಗ ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಎಲ್ಲಿ ಕೂತಲ್ಲೇ ಮಿಸುಕಿದರೋ ಅಲ್ಲಿ ಉದ್ದವಾಗಿದೆ.

ನಂತರ ಮೊದಲ ಶಾಟ್ ತೆಗೆದು ನೋಡಿ. ಕೊನೆಯ ಶಾಟ್ ತೆಗೆದು ನೋಡಿ. ಎಷ್ಟೋ ಸಲ ಚಿತ್ರ ನಿಜವಾಗಿ ಎರಡನೇ ಶಾಟ್‌ನಲ್ಲಿ ಶುರುವಾಗಿರುತ್ತದೆ. ಕಾಳಿ ಸಂಗಮದ ಆ ಡ್ರೋನ್ ಶಾಟ್ ಇನ್ನೂ ಟೈಮ್‌ಲೈನಿನಲ್ಲಿ ಇದ್ದರೆ ಅದರ ಹಿಂದಿನ ಮತ್ತು ಮುಂದಿನ ಶಾಟ್‌ಗಳನ್ನು ನೇರ ಜೋಡಿಸಿ ಓಡಿಸಿ. ಕಥೆಗೆ ಏನೂ ಕಡಿಮೆಯಾಗದಿದ್ದರೆ ಅದನ್ನು ಬೇರೆ ಫೋಲ್ಡರಿಗೆ ಹಾಕಿ.

ಮಾತು ಕೊಂಕಣಿಯಲ್ಲಿದ್ದರೆ ಕನ್ನಡ ಸಬ್‌ಟೈಟಲ್ ಬೇಕು, ಮತ್ತು ಅದು ಎಡಿಟಿಂಗಿಗೂ ಸೇರಿದ ವಿಷಯ. ಓದುವವನ ಕಣ್ಣು ಫ್ರೇಮಿನ ಕೆಳಗೆ ಹೋಗುತ್ತದೆ, ಮುಖ ತಪ್ಪಿಹೋಗುತ್ತದೆ. ಸಬ್‌ಟೈಟಲ್ ಇರುವ ಶಾಟ್ ಮಾತು ಮುಗಿದ ಮೇಲೂ ಒಂದು ಸೆಕೆಂಡ್ ನಿಲ್ಲಲಿ. ಎರಡು ಸಾಲಿಗಿಂತ ಜಾಸ್ತಿ ಬೇಡ, ಕಟ್ ದಾಟಿ ಮುಂದಿನ ಶಾಟ್‌ಗೆ ಹರಿಯುವುದೂ ಬೇಡ. ಒತ್ತಕ್ಷರಗಳು ಒಡೆಯದೆ ಬರುತ್ತಿವೆಯಾ ಅಂತ ನೋಡಿಕೊಂಡು, 1080ಪಿ, 25 ಫ್ರೇಮ್, ಎಚ್.264ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಸೆಕೆಂಡಿಗೆ 10ರಿಂದ 15 ಮೆಗಾಬಿಟ್ ಸಾಕು. ಬಂದ ಫೈಲನ್ನು ಒಂದು ಸಲ ಸಣ್ಣ ಮೊಬೈಲಿನಲ್ಲಿ, ಒಂದು ಸಲ ಟಿವಿಯಲ್ಲಿ ಪೂರ್ತಿ ನೋಡಿ. ಮೊಬೈಲಿನ ಸ್ಪೀಕರಿನಲ್ಲಿ ದೂರದ ಇಂಜಿನ್ ಸದ್ದು ಕೇಳಿಸದಿದ್ದರೆ ಜೆ ಕಟ್ ವ್ಯರ್ಥ. ಆ ಟ್ರ್ಯಾಕನ್ನು ಎರಡು ಮೂರು ಡೆಸಿಬೆಲ್ ಏರಿಸಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ.